ಕತಾರಿನ ಕನ್ನಡ ಮನೆಗಳಲ್ಲಿ ಬೇಕಿಂಗ್

ಸುಡುವುದು, ಬೇಯಿಸುವುದು, ಹುರಿಯುವುದು, ಕರಿಯುವುದು, ಬಾಡಿಸುವುದು: ಕನ್ನಡದ ಅಡುಗೆಮನೆಗೆ ಕ್ರಿಯಾಪದಗಳ ಕೊರತೆಯಿಲ್ಲ. ಆದರೆ ಮುಚ್ಚಿದ ಗೂಡಿನ ಒಣ ಶಾಖದಲ್ಲಿ ಹಿಟ್ಟನ್ನು ಬೇಯಿಸುವ ಕೆಲಸಕ್ಕೆ ನಾವು ‘ಬೇಕ್ ಮಾಡುವುದು’ ಎಂದೇ ಹೇಳುತ್ತೇವೆ. ನಮ್ಮ ನಾಡಿನ ಹೆಚ್ಚಿನ ಮನೆಗಳಲ್ಲಿ ಓವನ್ ಇರಲಿಲ್ಲ. ಅದು ಬೀದಿಯ ಬೇಕರಿಯಲ್ಲಿತ್ತು. ಕತಾರಿನಲ್ಲಿ ನೆಲಸಿದ ಕನ್ನಡ ಕುಟುಂಬಗಳಲ್ಲಿ ಈ ಸ್ಥಿತಿ ಬದಲಾಗಿದೆ. ಇಲ್ಲಿನ ಮನೆಗಳಲ್ಲಿ ಕೆಳಭಾಗದಲ್ಲಿ ಓವನ್ ಇರುವ ಒಲೆ ಸಾಮಾನ್ಯ. ಬೇಕರಿಯಿಂದ ಕಟ್ಟಿಸಿಕೊಂಡು ಬರುತ್ತಿದ್ದುದನ್ನು ಮನೆಯವರೆಲ್ಲ ಸೇರಿ ತಯಾರಿಸುವ ಅವಕಾಶ ಹೀಗೆ ಒದಗಿದೆ.

ಬೇಕರಿಯ ಎರಡು ಪರಂಪರೆಗಳು

ಕತಾರಿನ ಕನ್ನಡಿಗರು ಮುಖ್ಯವಾಗಿ ಎರಡು ರುಚಿಗಳನ್ನು ಹೊತ್ತು ತಂದಿದ್ದಾರೆ. ಮೊದಲನೆಯದು ಬೆಂಗಳೂರಿನ ಅಯ್ಯಂಗಾರ್ ಬೇಕರಿಯದು. ಹಾಸನ ಸೀಮೆಯಿಂದ ಬಂದ ಕುಟುಂಬಗಳು ಬೆಳೆಸಿದ ಈ ಬೇಕರಿಗಳು ಮೊಟ್ಟೆಯಿಲ್ಲದ ತಿನಿಸುಗಳಿಗೆ ಹೆಸರಾದವು. ಖಾರಾ ಬನ್, ಖಾರಾ ಬಿಸ್ಕತ್ತು, ಬೆಣ್ಣೆ ಬಿಸ್ಕತ್ತು, ದಿಲ್‌ಪಸಂದ್, ಹನಿ ಕೇಕ್ ಇವು ಅದರ ಕೊಡುಗೆ. ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ ಸೊಪ್ಪುಗಳನ್ನು ಬಿಸ್ಕತ್ತಿಗೆ ಸೇರಿಸಿ ಪರದೇಶದ ತಿನಿಸನ್ನು ನಮ್ಮ ನಾಲಗೆಗೆ ಒಗ್ಗಿಸಿದ ಕೀರ್ತಿ ಈ ಬೇಕರಿಗಳಿಗೆ ಸಲ್ಲಬೇಕು.

ಎರಡನೆಯದು ಕರಾವಳಿಯದು. ಮಂಗಳೂರಿನ ಕ್ರೈಸ್ತ ಮನೆಗಳಲ್ಲಿ ಕ್ರಿಸ್ಮಸ್ಸಿಗೆ ‘ಕುಸ್ವಾರ್’ ಸಿದ್ಧವಾಗುತ್ತದೆ. ನೆವ್ರಿ, ಕಿಡಿಯೊ, ಗುಳಿಯೊಗಳೊಂದಿಗೆ ಒಣಹಣ್ಣಿನ ಕೇಕ್ ಕೂಡ ತಟ್ಟೆಯಲ್ಲಿರುತ್ತದೆ. ಮನೆಮಂದಿಯೆಲ್ಲ ಸುತ್ತ ಕುಳಿತು ಮಾಡುವುದು ಮತ್ತು ನೆರೆಮನೆಗಳಿಗೆ ಹಂಚುವುದು ಕುಸ್ವಾರಿನ ಮುಖ್ಯ ಲಕ್ಷಣ. ಕತಾರಿನಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ ಮಾತನಾಡುವ ಕರಾವಳಿಯವರು ಗಣನೀಯ ಸಂಖ್ಯೆಯಲ್ಲಿರುವುದರಿಂದ ಈ ಪದ್ಧತಿ ಇಲ್ಲಿಯೂ ಉಳಿದಿದೆ.

ಹವೆ, ನೀರು, ಹಾಲು

ದೋಹಾದ ಬೇಸಿಗೆಯಲ್ಲಿ ತಾಪಮಾನ 45 ಡಿಗ್ರಿ ಸೆಲ್ಸಿಯಸ್ ದಾಟುವುದು ಅಪರೂಪವಲ್ಲ. ಶಾಲೆಗೆ ರಜೆ, ಆದರೆ ಹಗಲಿನಲ್ಲಿ ಮಕ್ಕಳು ಹೊರಗೆ ಆಡುವಂತಿಲ್ಲ. ಊರಿಗೆ ಹೋಗದ ಕುಟುಂಬಗಳಿಗೆ ಶುಕ್ರವಾರ, ಶನಿವಾರದ ವಾರಾಂತ್ಯದಲ್ಲಿ ಅಡುಗೆಮನೆಯೇ ಆಟದ ಅಂಗಳ.

ಇಲ್ಲಿನ ಹವೆ ಬೇಕಿಂಗಿನ ಲೆಕ್ಕವನ್ನೂ ಬದಲಿಸುತ್ತದೆ. ನೀರಿನ ಟ್ಯಾಂಕುಗಳು ಸಾಮಾನ್ಯವಾಗಿ ತಾರಸಿಯ ಮೇಲಿರುವುದರಿಂದ ಬೇಸಿಗೆಯಲ್ಲಿ ‘ತಣ್ಣೀರು’ ನಲ್ಲಿಯಲ್ಲಿಯೂ ಬಿಸಿನೀರೇ ಬರುತ್ತದೆ. ಬನ್ನಿನ ಹಿಟ್ಟಿಗೆ ಹಾಕುವ ಯೀಸ್ಟ್ ಉಗುರುಬೆಚ್ಚಗಿನ ನೀರಿನಲ್ಲಿ ಚುರುಕಾಗುತ್ತದೆ. ಸುಮಾರು 55ರಿಂದ 60 ಡಿಗ್ರಿಯಲ್ಲಿ ಸಾಯುತ್ತದೆ. ಆದ್ದರಿಂದ ನಲ್ಲಿಯ ನೀರನ್ನು ನೇರವಾಗಿ ಸುರಿಯದೆ ಆರಿಸಿ ಬಳಸುವುದು ಲೇಸು.

ಹಾಲಿನ ಕಥೆಯೂ ಇದಕ್ಕೆ ಸೇರುತ್ತದೆ. 2017ರ ಜೂನ್ 5ರಂದು ನೆರೆಯ ದೇಶಗಳು ಕತಾರಿನ ಮೇಲೆ ದಿಗ್ಬಂಧನ ಹೇರಿದಾಗ ಸೌದಿ ಅರೇಬಿಯಾದಿಂದ ಬರುತ್ತಿದ್ದ ಹಾಲು, ಮೊಸರು ನಿಂತವು. ಕೆಲವೇ ವಾರಗಳಲ್ಲಿ ಬಲದ್ನಾ ಸಂಸ್ಥೆ ವಿಮಾನಗಳಲ್ಲಿ ಹಸುಗಳನ್ನು ತರಿಸಿತು. ಇಂದು ಮರಳುನಾಡಿನ ಕೊಟ್ಟಿಗೆಯ ಹಾಲೇ ಇಲ್ಲಿನ ಕೇಕಿಗೆ ಮೊಸರಾಗುತ್ತದೆ.

ಮೊಟ್ಟೆಯಿಲ್ಲದೆ ಉಬ್ಬುವ ಬಗೆ

ಮೊಟ್ಟೆ ಕೇಕಿನಲ್ಲಿ ಎರಡು ಕೆಲಸ ಮಾಡುತ್ತದೆ: ಗಾಳಿಯನ್ನು ಹಿಡಿದಿಡುತ್ತದೆ, ಬೆಂದಾಗ ಗಟ್ಟಿಯಾಗಿ ಆಕಾರ ಕೊಡುತ್ತದೆ. ಮೊಟ್ಟೆಯಿಲ್ಲದ ಕೇಕಿನಲ್ಲಿ ಮೊಸರಿನ ಲ್ಯಾಕ್ಟಿಕ್ ಆಮ್ಲವು ಅಡುಗೆಸೋಡದೊಂದಿಗೆ ಸೇರಿ ಇಂಗಾಲದ ಡೈಆಕ್ಸೈಡನ್ನು ಬಿಡುಗಡೆ ಮಾಡುತ್ತದೆ. ಗೋಧಿಯ ಗ್ಲುಟೆನ್ ಜಾಲ ಆ ಗುಳ್ಳೆಗಳನ್ನು ಹಿಡಿಯುತ್ತದೆ. ಓವನ್ನಿನ ಶಾಖದಲ್ಲಿ ಪಿಷ್ಟ ಗಟ್ಟಿಯಾಗಿ ರಂಧ್ರಗಳು ಉಳಿಯುತ್ತವೆ. ಸೋಡ ಮತ್ತು ಮೊಸರು ಕೂಡಿದ ಕ್ಷಣದಿಂದಲೇ ಅನಿಲ ಹೊರಡುವುದರಿಂದ ಕಲಸಿದ ಹಿಟ್ಟನ್ನು ತಡಮಾಡದೆ ಓವನ್ನಿಗೆ ಇಡಬೇಕು. ರಾಗಿಯಲ್ಲಿ ಗ್ಲುಟೆನ್ ಇಲ್ಲ. ಹಾಗಾಗಿ ರಾಗಿ ಕೇಕ್ ಹಗುರವಾಗಬೇಕಾದರೆ ಸಮಪಾಲು ಗೋಧಿಹಿಟ್ಟು ಬೆರೆಸುವುದು ಒಳ್ಳೆಯದು.

ಮಕ್ಕಳೊಂದಿಗೆ ಮಾಡಲು ಖಾರಾ ಬಿಸ್ಕತ್ತು ಸುಲಭ. 200 ಗ್ರಾಂ ಮೈದಾ ಅಥವಾ ಗೋಧಿಹಿಟ್ಟು, 100 ಗ್ರಾಂ ಬೆಣ್ಣೆ, ಎರಡು ಚಮಚ ಮೊಸರು, ಎರಡು ಹಸಿಮೆಣಸಿನಕಾಯಿ, ಹೆಚ್ಚಿದ ಕರಿಬೇವು ಮತ್ತು ಕೊತ್ತಂಬರಿ, ಅರ್ಧ ಚಮಚ ಉಪ್ಪು. ಮೃದುವಾಗಿ ಕಲಸಿ, ಅರ್ಧ ಗಂಟೆ ತಂಪಿನಲ್ಲಿಟ್ಟು, ಲಟ್ಟಿಸಿ ಕತ್ತರಿಸಿ, 170 ಡಿಗ್ರಿಯಲ್ಲಿ ಸುಮಾರು 18 ನಿಮಿಷ ಬೇಯಿಸಬೇಕು. ಅಂಚು ಕಂದಿದಾಗ ತೆಗೆದರೆ, ಆರುತ್ತಾ ಗರಿಗರಿಯಾಗುತ್ತದೆ.

ಸಕ್ಕರೆಯ ಲೆಕ್ಕ

ವೈದ್ಯನಾಗಿ ನಾನು ಒತ್ತಿ ಹೇಳಬೇಕಾದ ಭಾಗವಿದು. ದಕ್ಷಿಣ ಏಷ್ಯಾದವರಿಗೆ ಕಡಿಮೆ ತೂಕದಲ್ಲಿಯೇ, ಕಿರಿಯ ವಯಸ್ಸಿನಲ್ಲಿಯೇ ಮಧುಮೇಹ ಬರುತ್ತದೆ. ದಿನದ ಶಕ್ತಿಯಲ್ಲಿ ಸೇರಿಸಿದ ಸಕ್ಕರೆ ಮುಂತಾದ ಮುಕ್ತ ಸಕ್ಕರೆಯ ಪಾಲು ಶೇಕಡಾ 10ಕ್ಕಿಂತ ಕಡಿಮೆಯಿರಬೇಕು, ಶೇಕಡಾ 5ಕ್ಕೆ ಇಳಿದರೆ ಇನ್ನೂ ಉತ್ತಮ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚಿಸಿದೆ. 2000 ಕ್ಯಾಲರಿ ತಿನ್ನುವ ವಯಸ್ಕರಿಗೆ ಇದು ಕ್ರಮವಾಗಿ ಸುಮಾರು 50 ಗ್ರಾಂ ಮತ್ತು 25 ಗ್ರಾಂ. 200 ಗ್ರಾಂ ಸಕ್ಕರೆಯ ಕೇಕನ್ನು ಹತ್ತು ತುಂಡು ಮಾಡಿದರೆ ಒಂದೊಂದರಲ್ಲಿ 20 ಗ್ರಾಂ. ಮನೆಯಲ್ಲಿ ಮಾಡಿದ್ದು ಎಂಬ ಮಾತ್ರಕ್ಕೆ ಈ ಲೆಕ್ಕ ಬದಲಾಗುವುದಿಲ್ಲ.

ಆದರೆ ಸಕ್ಕರೆಯ ಡಬ್ಬ ನಮ್ಮ ಕೈಯಲ್ಲಿರುತ್ತದೆ. ಬಹುತೇಕ ಕೇಕುಗಳಲ್ಲಿ ಕಾಲುಭಾಗ ಸಕ್ಕರೆ ತಗ್ಗಿಸಿದರೂ ರುಚಿ ಕೆಡದು. ಕತಾರಿನಲ್ಲಿ ಧಾರಾಳವಾಗಿ ಸಿಗುವ ಖರ್ಜೂರವನ್ನು ಅರೆದು ಹಾಕಿದರೆ ಸಿಹಿಯ ಜೊತೆಗೆ ನಾರೂ ದೊರೆಯುತ್ತದೆ. ಖರ್ಜೂರದ ಪಾಕವಾದರೆ ಅದು ಸಕ್ಕರೆಗೆ ಸಮಾನವೇ. ವನಸ್ಪತಿಯ ಬದಲು ಬೆಣ್ಣೆ ಅಥವಾ ಎಣ್ಣೆ ಬಳಸಿದರೆ ಟ್ರಾನ್ಸ್ ಕೊಬ್ಬಿನ ಭಯ ತಗ್ಗುತ್ತದೆ. ಖಾರಾ ಬಿಸ್ಕತ್ತಿನಲ್ಲಿ ಸಕ್ಕರೆಯಿಲ್ಲದಿದ್ದರೂ ಬೆಣ್ಣೆ, ಉಪ್ಪು ಇವೆ. ರಕ್ತದೊತ್ತಡವಿರುವ ಹಿರಿಯರಿಗೆ ಒಂದೆರಡು ಸಾಕು.

ಎಚ್ಚರಗಳು

ಮೊಟ್ಟೆಯಿಲ್ಲವೆಂದು ಹಸಿ ಹಿಟ್ಟನ್ನು ನೆಕ್ಕಲು ಬಿಡಬಾರದು. ಹಸಿ ಹಿಟ್ಟಿನಲ್ಲಿಯೂ ಇ. ಕೋಲಿ ಬ್ಯಾಕ್ಟೀರಿಯಾ ಇರಬಹುದು. 2016ರಲ್ಲಿ ಅಮೆರಿಕದಲ್ಲಿ ಇದರಿಂದಲೇ ಸೋಂಕು ಹರಡಿತ್ತು. ಒಂದು ವರ್ಷ ತುಂಬದ ಮಗುವಿಗೆ ಜೇನು ಕೂಡದು. ಸುಟ್ಟ ಗಾಯಕ್ಕೆ ಹರಿಯುವ ತಂಪು ನೀರನ್ನು 20 ನಿಮಿಷ ಬಿಡಬೇಕು. ಬೆಣ್ಣೆ, ಟೂತ್‌ಪೇಸ್ಟ್ ಹಚ್ಚಬಾರದು, ಮಂಜುಗಡ್ಡೆಯನ್ನೂ ಇಡಬಾರದು. ಬೇಸಿಗೆಯಲ್ಲಿ ನಲ್ಲಿಯ ನೀರೇ ಬಿಸಿಯಾಗಿರುವುದರಿಂದ, ಓವನ್ ಹಚ್ಚುವ ಮುನ್ನ ಒಂದು ಬಕೆಟ್ ನೀರನ್ನು ಎಸಿ ಇರುವ ಕೋಣೆಯಲ್ಲಿ ಆರಲು ಇಡುವುದು ಜಾಣತನ. ಕತಾರಿನ ತುರ್ತು ಕರೆಯ ಸಂಖ್ಯೆ 999.

ಹದ ಎಂಬ ಮಾತು

ಹೊರನಾಡಿನಲ್ಲಿ ಬೆಳೆಯುವ ಮಕ್ಕಳಿಗೆ ಕನ್ನಡ ಉಳಿಯಬೇಕಾದರೆ ಅದಕ್ಕೆ ಕೆಲಸ ಕೊಡಬೇಕು. ಜರಡಿ ಹಿಡಿ, ಕಲಸು, ನಾದು, ಚಿಟಿಕೆ, ಹಿಡಿ, ಉಂಡೆ, ಉಬ್ಬು, ಕಂದು: ಈ ಮಾತುಗಳು ಪಾಠಪುಸ್ತಕಕ್ಕಿಂತ ಬೇಗ ಹಿಟ್ಟಿನ ಕೈಗೆ ಅಂಟುತ್ತವೆ. ಭೇಟಿಗೆ ಬಂದ ಅಜ್ಜಿಗೆ ಓವನ್ನಿನ ಗುಂಡಿಗಳು ತಿಳಿಯವು, ಮೊಮ್ಮಗಳಿಗೆ ‘ಹದ’ ತಿಳಿಯದು, ಒಬ್ಬರಿಗೊಬ್ಬರು ಕಲಿಸಬೇಕಾಗುತ್ತದೆ. ಹಿಟ್ಟಿನ ಹದವನ್ನು ಗ್ರಾಂ ಲೆಕ್ಕದಲ್ಲಿ ಹೇಳಲಾಗದು; ಮುಟ್ಟಿ ತೋರಿಸಬೇಕು.

ಕತಾರಿನಲ್ಲಿ ದುಡಿಯುವ ಬಹುಪಾಲು ಭಾರತೀಯರು ಕುಟುಂಬವನ್ನು ಕರೆತರಲಾಗದವರು. ಖಾರಾ ಬಿಸ್ಕತ್ತು ಗಾಳಿಯಾಡದ ಡಬ್ಬದಲ್ಲಿ ವಾರಕ್ಕೂ ಹೆಚ್ಚು ಕಾಲ ಗರಿಯಾಗಿರುತ್ತದೆ. ಮಕ್ಕಳು ಕತ್ತರಿಸಿದ ಓರೆಕೋರೆ ಬಿಸ್ಕತ್ತುಗಳ ಒಂದು ಡಬ್ಬ ಅಂಥ ಊರಿನವರೊಬ್ಬರ ಕೋಣೆಗೆ ತಲುಪಿದರೆ ಕುಸ್ವಾರ್ ಹಂಚುವ ಪದ್ಧತಿ ಕತಾರಿನಲ್ಲಿ ಇನ್ನೂ ಒಂದು ಮನೆಗೆ ವಿಸ್ತರಿಸಿದಂತೆ.