ಯಾವ ಗೋಡೆ ಎತ್ತರ? ಅಮೆರಿಕದ ರಾಜಕೀಯದಲ್ಲಿ ವರ್ಣಭೇದ, ಲಿಂಗಭೇದಗಳನ್ನು ಅಳೆದವರ ಕತೆ

1869ರ ಮೇ ತಿಂಗಳಲ್ಲಿ ಅಮೆರಿಕದ ಸಮಾನ ಹಕ್ಕುಗಳ ಸಂಘ ನ್ಯೂಯಾರ್ಕಿನಲ್ಲಿ ಸೇರಿತು. ಗುಲಾಮಗಿರಿ ಹೋಗಿತ್ತು. ಸಂವಿಧಾನದ 15ನೇ ತಿದ್ದುಪಡಿ ಕಪ್ಪು ಗಂಡಸರಿಗೆ ಮತದಾನದ ಹಕ್ಕು ಕೊಡಲು ಹೊರಟಿತ್ತು. ಹೆಂಗಸರ ಮಾತೇ ಅದರಲ್ಲಿರಲಿಲ್ಲ. ಹೆಂಗಸರನ್ನು ಮನೆಯಿಂದ ಎಳೆದು ದೀಪದ ಕಂಬಕ್ಕೆ ನೇತುಹಾಕುವ ದಿನ ಬಂದರೆ ಅವರ ತುರ್ತೂ ನಮ್ಮ ತುರ್ತಿನಷ್ಟೇ ಆದೀತು ಎಂದರು ಕಪ್ಪುಜನರ ನಾಯಕ ಫ್ರೆಡರಿಕ್ ಡಗ್ಲಸ್. ಸಭೆಯಿಂದ ಯಾರೋ ಕೇಳಿದರು: ಕಪ್ಪು ಹೆಂಗಸಿಗೂ ಈ ಮಾತು ಸಲ್ಲುವುದಿಲ್ಲವೇ? ಸಲ್ಲುತ್ತದೆ, ಆದರೆ ಅವಳು ಹೆಂಗಸು ಅಂತಲ್ಲ, ಕಪ್ಪು ಅಂತ ಎಂದು ಡಗ್ಲಸ್ ಉತ್ತರಿಸಿದರು. ಮಹಿಳಾ ಹಕ್ಕುಗಳ ಹೋರಾಟಗಾರ್ತಿ ಎಲಿಜಬೆತ್ ಕೇಡಿ ಸ್ಟ್ಯಾಂಟನ್ ಮತ್ತವರ ಸಂಗಡಿಗರು ಒಪ್ಪಲಿಲ್ಲ. ಸಂಘ ಒಡೆಯಿತು. 15ನೇ ತಿದ್ದುಪಡಿ 1870ರಲ್ಲಿ ಬಂತು, ಹೆಂಗಸರಿಗೆ ಮತ ಕೊಟ್ಟ 19ನೆಯದು 1920ರಲ್ಲಿ. ದಕ್ಷಿಣದ ರಾಜ್ಯಗಳಲ್ಲಂತೂ ಕಪ್ಪು ಗಂಡಸರ ಹಕ್ಕು 1965ರ ಮತದಾನ ಹಕ್ಕು ಕಾಯ್ದೆಯವರೆಗೂ ಬಹುಪಾಲು ಕಾಗದದ ಮೇಲೇ ಉಳಿಯಿತು. ಹಾಗಿರುವಾಗ ಯಾರಿಗೆ ಮೊದಲು ಬಾಗಿಲು ತೆರೆಯಿತು ಎಂಬ ಲೆಕ್ಕ ತಾರೀಕುಗಳಿಂದ ಬಗೆಹರಿಯುವಂಥದ್ದಲ್ಲ.

ಆ ಸಭೆಯಲ್ಲಿ ವಾದವಾಗಿದ್ದದ್ದು ಇಪ್ಪತ್ತನೇ ಶತಮಾನದಲ್ಲಿ ಅಂಕಿಯಾಯಿತು. ಮಹಿಳೆಯನ್ನು ಅಧ್ಯಕ್ಷಳನ್ನಾಗಿ ಆರಿಸುತ್ತೀರಾ ಎಂದು ಗ್ಯಾಲಪ್ ಸಂಸ್ಥೆ 1937ರಲ್ಲಿ ಕೇಳಿದಾಗ ಹೌದೆಂದವರು ಮೂವರಲ್ಲಿ ಒಬ್ಬರು. 1958ರಲ್ಲಿ ಅದೇ ಪ್ರಶ್ನೆಗೆ ಅರ್ಧಕ್ಕಿಂತ ತುಸು ಹೆಚ್ಚು ಜನ ಒಪ್ಪಿದರು. ಕಪ್ಪುವರ್ಣೀಯ ಅಭ್ಯರ್ಥಿಯಾದರೆ ಒಪ್ಪಿದವರು ನೂರಕ್ಕೆ ನಲವತ್ತೂ ಇರಲಿಲ್ಲ. ಐವತ್ತು ವರ್ಷ ಕಳೆಯುವಷ್ಟರಲ್ಲಿ ಕ್ರಮ ತಲೆಕೆಳಗಾಯಿತು. 2007ರಲ್ಲಿ ಕಪ್ಪುವರ್ಣೀಯರಿಗೆ ಮತ ಹಾಕುತ್ತೇವೆ ಎಂದವರು ನೂರಕ್ಕೆ 94, ಮಹಿಳೆಗೆ ಎಂದವರು 88. ಇಷ್ಟನ್ನೇ ನೋಡಿ ವರ್ಣಭೇದ ಕರಗಿತು, ಲಿಂಗಭೇದ ಉಳಿಯಿತು ಎಂದು ತೀರ್ಮಾನಿಸಿದವರು ಹಲವರು. ಸಮೀಕ್ಷಕನೆದುರು ಎಲ್ಲರೂ ತಮ್ಮ ಪೂರ್ವಗ್ರಹವನ್ನು ಒಪ್ಪಿಕೊಳ್ಳುವುದಿಲ್ಲ ಎಂಬುದು ಅಷ್ಟು ಹೊತ್ತಿಗಾಗಲೇ ಗೊತ್ತಿತ್ತಲ್ಲ!

ಗೊತ್ತಾದದ್ದು 1982ರಲ್ಲಿ. ಲಾಸ್ ಏಂಜಲಿಸ್‌ನ ಕಪ್ಪುವರ್ಣೀಯ ಮೇಯರ್ ಟಾಮ್ ಬ್ರ್ಯಾಡ್ಲಿ ಕ್ಯಾಲಿಫೋರ್ನಿಯಾದ ಗವರ್ನರ್ ಆಗಿಯೇ ಬಿಟ್ಟರು ಎಂದು ಸಮೀಕ್ಷೆಗಳು ಸಾರಿದ್ದವು. ಅವರು ಕೂದಲೆಳೆಯಲ್ಲಿ ಸೋತರು. 1989ರಲ್ಲಿ ವರ್ಜೀನಿಯಾದ ಗವರ್ನರ್ ಹುದ್ದೆಗೆ ನಿಂತ ಕಪ್ಪುವರ್ಣೀಯ ಡಗ್ಲಸ್ ವೈಲ್ಡರ್ ಗೆದ್ದರು, ಆದರೆ ಸಮೀಕ್ಷೆಗಳಲ್ಲಿದ್ದ ದೊಡ್ಡ ಮುನ್ನಡೆ ಮತಪೆಟ್ಟಿಗೆಯಲ್ಲಿ ಅರ್ಧ ಶೇಕಡಕ್ಕಿಂತಲೂ ಕೆಳಗಿಳಿದಿತ್ತು. ಬಾಯಲ್ಲಿ ಒಂದು, ಮತಗಟ್ಟೆಯಲ್ಲಿ ಇನ್ನೊಂದು ಎನ್ನುವ ಈ ವ್ಯತ್ಯಾಸಕ್ಕೆ ‘ಬ್ರ್ಯಾಡ್ಲಿ ಪರಿಣಾಮ’ ಎಂಬ ಹೆಸರು ಬಿತ್ತು. ರಾಜ್ಯಶಾಸ್ತ್ರಜ್ಞ ಡೇನಿಯಲ್ ಹಾಪ್ಕಿನ್ಸ್ 2009ರಲ್ಲಿ ಪ್ರಕಟಿಸಿದ ಅಧ್ಯಯನ 1989ರಿಂದ 2006ರವರೆಗಿನ 180 ಗವರ್ನರ್ ಮತ್ತು ಸೆನೆಟ್ ಚುನಾವಣೆಗಳನ್ನು ಜಾಲಾಡಿತು. ತೊಂಬತ್ತರ ದಶಕದ ನಡುವಿಗೆ ಆ ಪರಿಣಾಮ ಮಾಯವಾಗಿತ್ತು. ಮಹಿಳಾ ಅಭ್ಯರ್ಥಿಗಳ ವಿಷಯದಲ್ಲಿ ಅಂಥದ್ದು ಯಾವತ್ತೂ ಕಂಡಿರಲಿಲ್ಲ. ಹೆಣ್ಣಿನ ಬಗೆಗಿನ ಅನುಮಾನವನ್ನು ಮುಚ್ಚಿಡಬೇಕು ಅಂತಲೇ ಜನಕ್ಕೆ ಅನ್ನಿಸಿರಲಿಲ್ಲವೇನೋ. ಇದು ನನ್ನ ಊಹೆ, ಹಾಪ್ಕಿನ್ಸರದಲ್ಲ.

ಈ ಬಗೆಯ ಅಧ್ಯಯನಗಳ ಸಲಕರಣೆಗಳು ಬಹುತೇಕ ವರ್ಣಭೇದಕ್ಕಾಗಿ ತಯಾರಾದವು, ಆಮೇಲೆ ಲಿಂಗಭೇದಕ್ಕೆ ಎರವಲು ಬಂದವು. ಪಟ್ಟಿ ಪ್ರಯೋಗವನ್ನೇ ನೋಡಿ. ಅರ್ಧ ಜನರಿಗೆ ಸಿಟ್ಟು ತರಿಸಬಹುದಾದ ಕೆಲವು ಸಂಗತಿಗಳ ಪಟ್ಟಿ ಕೊಡುತ್ತಾರೆ. ಉಳಿದರ್ಧಕ್ಕೆ ಅದೇ ಪಟ್ಟಿ, ಜೊತೆಗೆ ಇನ್ನೊಂದು ಸಂಗತಿ. ಯಾವುದಕ್ಕೆ ಸಿಟ್ಟು ಬಂತೆಂದು ಹೇಳಬೇಕಿಲ್ಲ, ಎಷ್ಟಕ್ಕೆ ಎಂದರೆ ಸಾಕು. ಎರಡು ಗುಂಪುಗಳ ಸರಾಸರಿಯ ವ್ಯತ್ಯಾಸವೇ ಬಚ್ಚಿಟ್ಟ ಸಿಟ್ಟಿನ ಅಳತೆ. ಕುಕ್ಲಿನ್ಸ್ಕಿ ಮತ್ತು ಸಂಗಡಿಗರು ತೊಂಬತ್ತರ ದಶಕದಲ್ಲಿ ದಕ್ಷಿಣದ ಬಿಳಿಯರ ಮನಸ್ಸನ್ನು ಬಗೆಯಲು ಇದನ್ನು ಬಳಸಿದರು. 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮ್ಯಾಥ್ಯೂ ಸ್ಟ್ರೆಬ್ ತಂಡ ಅದೇ ಉಪಾಯದಿಂದ ಮಹಿಳಾ ಅಧ್ಯಕ್ಷೆಯ ಬಗ್ಗೆ ಕೇಳಿದಾಗ, ಸುಮಾರು ನಾಲ್ಕನೇ ಒಂದು ಭಾಗ ಜನಕ್ಕೆ ಆ ಯೋಚನೆಯೇ ಸಿಟ್ಟೋ ಬೇಸರವೋ ತರಿಸುತ್ತದೆ ಎಂದು ಕಂಡಿತು. ಗ್ಯಾಲಪ್ಪಿನ 88ಕ್ಕೂ, ಮೇಲಿನ ನನ್ನ ಊಹೆಗೂ ಇದು ತಾಳೆಯಾಗುವುದಿಲ್ಲ. ಇತ್ತ ಸೇತ್ ಸ್ಟೀಫನ್ಸ್-ಡೇವಿಡೊವಿಟ್ಸ್ ಜನರನ್ನು ಕೇಳುವ ಗೋಜಿಗೇ ಹೋಗಲಿಲ್ಲ. ಯಾವ ಪ್ರದೇಶದಲ್ಲಿ ಜನಾಂಗೀಯ ಬೈಗುಳವನ್ನು ಗೂಗಲ್‌ನಲ್ಲಿ ಹೆಚ್ಚು ಹುಡುಕುತ್ತಾರೆ ಎಂದು ನೋಡಿ, ಒಬಾಮರಿಗೆ ಬಣ್ಣದ ಕಾರಣಕ್ಕೆ ಸುಮಾರು ನಾಲ್ಕು ಶೇಕಡಾ ಮತ ಕಡಿಮೆಯಾಯಿತು ಎಂದು ಅಂದಾಜಿಸಿದರು. ಅಷ್ಟನ್ನು ಕಳೆದುಕೊಂಡೂ ಒಬಾಮ ಎರಡು ಸಲ ಗೆದ್ದರು ಎಂಬುದನ್ನು ಹೇಗೆ ಓದಬೇಕು? ಕರಗಿತು ಎಂದವರಿಗೂ ಕರಗಲಿಲ್ಲ ಎಂದವರಿಗೂ ಅದು ಸಾಕ್ಷಿಯಾಯಿತು.

ಡೆಮಾಕ್ರಟಿಕ್ ಪಕ್ಷದ 2008ರ ಪ್ರೈಮರಿಯಲ್ಲಿ ಒಬಾಮ ಮತ್ತು ಹಿಲರಿ ಕ್ಲಿಂಟನ್ ಎದುರುಬದುರಾದರು. ಅಮೆರಿಕದ ಬದುಕನ್ನು ಹೆಚ್ಚು ಬಿಗಿಹಿಡಿದಿರುವುದು ಬಹುಶಃ ಲಿಂಗವೇ ಎಂದು ಸ್ತ್ರೀವಾದಿ ಲೇಖಕಿ ಗ್ಲೋರಿಯಾ ಸ್ಟೈನಮ್ ಪತ್ರಿಕೆಯಲ್ಲಿ ಬರೆದದ್ದೇ ತಡ, ಕಪ್ಪು ಸ್ತ್ರೀವಾದಿಗಳು ತಿರುಗಿಬಿದ್ದರು. ಆ ಪ್ರಚಾರದ ಎರಡು ಸಂಗತಿಗಳು ಯಾವ ಅಂಕಿಗಿಂತ ಹೆಚ್ಚು ಹೇಳುತ್ತವೆ ಎಂದು ನನಗನ್ನಿಸುತ್ತದೆ. ಕ್ಲಿಂಟನ್ ಸಭೆಯಲ್ಲಿ ಇಬ್ಬರು ಗಂಡಸರು ಎದ್ದು ನಮ್ಮ ಅಂಗಿ ಇಸ್ತ್ರಿ ಮಾಡು ಎಂದು ಕೂಗಿದರು. ಒಬಾಮರಿಗೆ 2007ರ ಮೇ ತಿಂಗಳಲ್ಲೇ, ಅಲ್ಲಿಯವರೆಗೆ ಯಾವ ಅಭ್ಯರ್ಥಿಗೂ ಇಲ್ಲದಷ್ಟು ಬೇಗ, ಸೀಕ್ರೆಟ್ ಸರ್ವಿಸ್ ಕಾವಲು ಬಂತು. ಒಂದು ದ್ವೇಷವನ್ನು ದೇಶ ತಮಾಷೆ ಎಂದು ಸಹಿಸಿತು, ಇನ್ನೊಂದಕ್ಕೆ ಬಂದೂಕು ಹಿಡಿದು ಕಾಯಬೇಕಾಯಿತು. ಇವನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗಲು ಹೊರಟವರು ಏನನ್ನು ಅಳೆಯುತ್ತಿದ್ದರೋ.

ಈ ಪ್ರಶ್ನೆಯ ಬುಡವನ್ನೇ ಅಲ್ಲಾಡಿಸಿದ್ದು ಕಿಂಬರ್ಲೆ ಕ್ರೆನ್‌ಶಾ 1989ರಲ್ಲಿ ಬರೆದ ಕಾನೂನು ಪ್ರಬಂಧ. ಬಣ್ಣವೋ ಲಿಂಗವೋ ಎಂದು ಕೇಳಿದೊಡನೆ ‘ಕಪ್ಪು’ ಎಂದರೆ ಗಂಡಸು, ‘ಹೆಣ್ಣು’ ಎಂದರೆ ಬಿಳಿಯಳು ಎಂದಾಗಿಬಿಡುತ್ತದೆ. ಕಪ್ಪು ಹೆಂಗಸು ಎರಡೂ ಲೆಕ್ಕದಿಂದ ಬಿದ್ದುಹೋಗುತ್ತಾಳೆ. ಇದನ್ನು ಬದುಕಿ ತೋರಿಸಿದವರು ಶರ್ಲಿ ಚಿಶೊಮ್. 1968ರಲ್ಲಿ ಕಾಂಗ್ರೆಸ್ಸಿಗೆ ಆಯ್ಕೆಯಾದ ಮೊದಲ ಕಪ್ಪು ಮಹಿಳೆ, 1972ರಲ್ಲಿ ಅಧ್ಯಕ್ಷ ಸ್ಥಾನದ ಆಕಾಂಕ್ಷಿ. ರಾಜಕೀಯದಲ್ಲಿ ತನಗೆ ಬಣ್ಣಕ್ಕಿಂತ ಹೆಣ್ಣಾದದ್ದೇ ಹೆಚ್ಚು ಅಡ್ಡಿಯಾಯಿತು ಎಂದವರು ಹೇಳಿದ್ದರು. ಸ್ಟೈನಮ್ ಪಾಳಯ ಈ ಮಾತನ್ನು ಮತ್ತೆ ಮತ್ತೆ ಉಲ್ಲೇಖಿಸುತ್ತದೆ. ಆದರೆ ಆ ವರ್ಷ ಕಪ್ಪು ಗಂಡಸರ ನಾಯಕತ್ವವೂ ಬಿಳಿ ಸ್ತ್ರೀವಾದಿ ನಾಯಕತ್ವವೂ ಅವರ ಬೆನ್ನಿಗೆ ಗಟ್ಟಿಯಾಗಿ ನಿಲ್ಲಲಿಲ್ಲ ಎಂಬುದನ್ನು ಉಲ್ಲೇಖಿಸುವವರು ಕಡಿಮೆ.

ಅಷ್ಟರಲ್ಲಿ ಸಂಶೋಧನೆಯಲ್ಲಿ ಇನ್ನೊಂದು ದಾರಿ ತೆರೆದಿತ್ತು. ಸ್ಪರ್ಧಿಸಿದ ಮಹಿಳೆಯರು ಗಂಡಸರಷ್ಟೇ ಗೆಲ್ಲುತ್ತಾರೆ ಎಂದು ತೊಂಬತ್ತರ ದಶಕದ ಅಧ್ಯಯನಗಳು ತೋರಿಸಿದವು. ಹಾಗಾದರೆ ಮಹಿಳೆಯರೆಲ್ಲಿ? ಸ್ಪರ್ಧೆಗೇ ಇಳಿಯುತ್ತಿಲ್ಲ, ಇಳಿಯಿರೆಂದು ಯಾರೂ ಕರೆಯುತ್ತಿಲ್ಲ ಎಂದು ಜೆನಿಫರ್ ಲಾಲೆಸ್ ಮತ್ತು ರಿಚರ್ಡ್ ಫಾಕ್ಸ್ 2005ರಲ್ಲಿ ವಾದಿಸಿದರು. 2011ರಲ್ಲಿ ಸಾರಾ ಆಂಜಿಯಾ ಮತ್ತು ಕ್ರಿಸ್ಟೋಫರ್ ಬೆರಿ ಇನ್ನೊಂದನ್ನು ಸೇರಿಸಿದರು: ಕಾಂಗ್ರೆಸ್ಸಿಗೆ ಬಂದ ಮಹಿಳೆಯರು ತಮ್ಮ ಕ್ಷೇತ್ರಕ್ಕೆ ಗಂಡಸರಿಗಿಂತ ಸುಮಾರು ಶೇ. 9ರಷ್ಟು ಹೆಚ್ಚು ಕೇಂದ್ರದ ಹಣ ತರುತ್ತಾರೆ. ಸಮವಾಗಿ ಗೆಲ್ಲಲು ಮೇಲಾಗಿರಬೇಕು ಎಂದಾಯಿತು. ಬೇಸ್‌ಬಾಲಿನ ವರ್ಣಗೋಡೆ ಒಡೆದ ಜಾಕಿ ರಾಬಿನ್ಸನ್ ಹೆಸರನ್ನೇ ಅವರು ಈ ಪರಿಣಾಮಕ್ಕೆ ಇಟ್ಟದ್ದು.

ಬಣ್ಣದ ಅಡ್ಡಿ ಬೇರೆ ಜಾಗದಲ್ಲಿದೆ. ಅದು ಭೂಗೋಳದಲ್ಲಿದೆ. ಕಪ್ಪುಜನರು ಪ್ರತ್ಯೇಕ ಬಡಾವಣೆಗಳಲ್ಲಿ ಬದುಕಬೇಕಾಗಿ ಬಂದದ್ದರಿಂದಲೇ ಅವರು ಬಹುಸಂಖ್ಯಾತರಾದ ಕ್ಷೇತ್ರಗಳನ್ನು ಕೊರೆಯಲು ಸಾಧ್ಯವಾಯಿತು. ಈಗ ಕಾಂಗ್ರೆಸ್ಸಿನ ಕೆಳಮನೆಯಲ್ಲಿ ಅವರ ಪಾಲು ಜನಸಂಖ್ಯೆಯ ಪಾಲಿಗೆ ಹೆಚ್ಚುಕಡಿಮೆ ಸಮ; ಅರ್ಧ ಜನಸಂಖ್ಯೆಯ ಮಹಿಳೆಯರ ಪಾಲು ಮೂರನೇ ಒಂದಕ್ಕಿಂತ ಕಡಿಮೆ. ಇಡೀ ರಾಜ್ಯವೇ ಕ್ಷೇತ್ರವಾಗುವ ಸೆನೆಟ್, ಗವರ್ನರ್ ಹುದ್ದೆಗಳಲ್ಲಿ ಚಿತ್ರ ಬೇರೆ: 1870ರಿಂದ 1992ರವರೆಗೆ ಸೆನೆಟ್ಟಿಗೆ ಆಯ್ಕೆಯಾದ ಕಪ್ಪುವರ್ಣೀಯರು ನಾಲ್ವರೇ.

ಕರ್ನಾಟಕದ ಓದುಗರಿಗೆ ಇದು ಅಪರಿಚಿತವಲ್ಲ, ಜಾತಿಯೂ ಜನಾಂಗವೂ ಒಂದೇ ಅಲ್ಲದಿದ್ದರೂ. ಪರಿಶಿಷ್ಟರಿಗೆ ಮೀಸಲು ಕ್ಷೇತ್ರಗಳು ಸಂವಿಧಾನದೊಂದಿಗೇ ಬಂದವು. 1996ರಲ್ಲಿ ದೇವೇಗೌಡರ ಸರ್ಕಾರ ಮಂಡಿಸಿದ ಮಹಿಳಾ ಮೀಸಲು ಮಸೂದೆ ಒಳಮೀಸಲಾತಿಯ ಪ್ರಶ್ನೆಗೆ ಸಿಕ್ಕಿ ನರಳಿ, 2023ರಲ್ಲಿ ಬೇರೆ ಸರ್ಕಾರದ ಕೈಯಲ್ಲಿ ಅಂಗೀಕಾರವಾಯಿತು. ಕರ್ನಾಟಕಕ್ಕೆ ಈವರೆಗೆ ದಲಿತ ಮುಖ್ಯಮಂತ್ರಿಯೂ ಸಿಕ್ಕಿಲ್ಲ, ಮಹಿಳಾ ಮುಖ್ಯಮಂತ್ರಿಯೂ ಸಿಕ್ಕಿಲ್ಲ. ಮೊದಲನೆಯದು ಪ್ರತಿ ಚುನಾವಣೆಯಲ್ಲೂ ಚರ್ಚೆಯಾಗುತ್ತದೆ. ಎರಡನೆಯದಕ್ಕೆ ಆ ಭಾಗ್ಯವೂ ಇಲ್ಲ.

2016ರಲ್ಲಿ ಕ್ಲಿಂಟನ್ ಸುಮಾರು 29 ಲಕ್ಷ ಮತ ಹೆಚ್ಚು ಪಡೆದೂ ಸೋತ ಮೇಲೆ ಸಂಶೋಧಕರ ದಿಕ್ಕು ಬದಲಾಯಿತು. ಅಭ್ಯರ್ಥಿಯ ಬಣ್ಣ, ಲಿಂಗ ಬಿಟ್ಟು ಮತದಾರನ ಧೋರಣೆಯನ್ನು ಅಳೆಯತೊಡಗಿದರು. ಟ್ರಂಪ್ ಪರ ಬಿಳಿಯರ ಒಲವಿಗೆ ಆರ್ಥಿಕ ಅತೃಪ್ತಿಗಿಂತ ವರ್ಣಭೇದ, ಲಿಂಗಭೇದಗಳ ಧೋರಣೆಯೇ ಹೆಚ್ಚು ಹತ್ತಿರದ ನಂಟು ಎಂದು ಬ್ರಯಾನ್ ಶಾಫ್ನರ್ ತಂಡ 2018ರಲ್ಲಿ ತೋರಿಸಿತು. ಎರಡೂ ಧೋರಣೆಗಳು ಅನೇಕ ಸಲ ಒಂದೇ ತಲೆಯಲ್ಲಿ ಕೂತಿರುತ್ತವೆ. ಬೇರ್ಪಡಿಸಿ ಅಳೆಯುವ ಕಷ್ಟ ಅಲ್ಲೇ ಇದೆ.

ಈಚಿನವುಗಳಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ರೆಜಿನಾ ಬೇಟ್ಸನ್ 2020ರಲ್ಲಿ ಬರೆದದ್ದು. ನನಗೇನೂ ಆಕ್ಷೇಪವಿಲ್ಲ, ಆದರೆ ಉಳಿದವರು ಈ ಅಭ್ಯರ್ಥಿಗೆ ಮತ ಹಾಕುವುದಿಲ್ಲ ಎಂದು ಪಕ್ಷದವರೂ ದೇಣಿಗೆದಾರರೂ ಮತದಾರರೂ ಅಂದುಕೊಳ್ಳುತ್ತಾರೆ. ಪೂರ್ವಗ್ರಹ ಇಲ್ಲದವರ ಕೈಯಿಂದಲೇ ಪೂರ್ವಗ್ರಹದ ಕೆಲಸ ನಡೆಯುತ್ತದೆ, ಅದೂ ಮತಪತ್ರ ಅಚ್ಚಾಗುವ ಮೊದಲೇ. ಸಮಾನ ಅರ್ಹತೆಯಿದ್ದರೂ ಕಪ್ಪು ಮತ್ತು ಬಿಳಿ ಮಹಿಳೆಯರು ಗೆಲ್ಲುವುದು ಕಷ್ಟ ಎಂಬ ಅಂದಾಜು ಜನರಲ್ಲಿ ಬಲವಾಗಿತ್ತು. ಕಪ್ಪು ಗಂಡಸರ ಬಗ್ಗೆ ಅಷ್ಟಿರಲಿಲ್ಲ.

ಕಮಲಾ ಹ್ಯಾರಿಸ್ ಅವರ 2024ರ ಸೋಲು ಈ ವಾದವನ್ನು ಮತ್ತೆ ಕೆದಕಿದೆ. ಬೆಲೆಯೇರಿಕೆ, ವಲಸೆ, ನೂರೇಳು ದಿನಗಳಷ್ಟೇ ಸಿಕ್ಕ ಪ್ರಚಾರ ಇವುಗಳ ನಡುವೆ ಬಣ್ಣವೆಷ್ಟು, ಹೆಣ್ತನವೆಷ್ಟು ಎಂದು ಹೆಕ್ಕುವುದು ಒಂದೇ ಚುನಾವಣೆಯಿಂದ ಆಗದ ಕೆಲಸ. ಅಧ್ಯಕ್ಷರಾದವರೇ 45 ಮಂದಿ, ಅವರಲ್ಲಿ ಕಪ್ಪುವರ್ಣೀಯ ಒಬ್ಬರು, ಮಹಿಳೆ ಯಾರೂ ಇಲ್ಲ. ಲೆಕ್ಕ ಹಾಕಬೇಕಾದದ್ದು ಐವತ್ತು ರಾಜ್ಯಗಳ ಗವರ್ನರ್ ಹುದ್ದೆಯಲ್ಲಿ. ಅಲ್ಲಿ ಮಹಿಳೆಯರು ಈವರೆಗೆ ನಲವತ್ತಕ್ಕೂ ಹೆಚ್ಚು. ಚುನಾವಣೆ ಗೆದ್ದು ಬಂದ ಕಪ್ಪು ಗಂಡಸರು ಮೂವರು: ವೈಲ್ಡರ್, ಡೆವಾಲ್ ಪ್ಯಾಟ್ರಿಕ್, ವೆಸ್ ಮೂರ್. ಕಪ್ಪು ಮಹಿಳೆ ಒಬ್ಬರೂ ಇಲ್ಲ. ಜಾರ್ಜಿಯಾದಲ್ಲಿ ಸ್ಟೇಸಿ ಏಬ್ರಮ್ಸ್ ಎರಡು ಸಲ ನಿಂತು ಎರಡು ಸಲವೂ ಸೋತರು.