ಎರಡು ಯಂತ್ರಗಳ ಮಾತುಕತೆ: ಹಾಲಿನ ಲೆಕ್ಕಕ್ಕೆ ತಂತಿ ಬಂದ ಇತಿಹಾಸ



ಸಂಘ ಹುಟ್ಟಿದ ಬಗೆ, ಹಿರಿಯರು ಪಟ್ಟ ಕಷ್ಟ, ಇವುಗಳ ಬಗ್ಗೆ ಈ ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಬಲ್ಲವರು ಬರೆದಿದ್ದಾರೆ. ನಮಗೆ ವಹಿಸಿದ ವಿಷಯ ಬೇರೆ. ಹಾಲು ಹಾಕುವ ಮೇಜಿನ ಮೇಲೆ ತೂಕದ ಯಂತ್ರ ಐತೆ, ಫ್ಯಾಟ್ ನೋಡುವ ಯಂತ್ರ ಐತೆ, ಪಕ್ಕದಲ್ಲಿ ಕಂಪ್ಯೂಟರ್. ಇವನ್ನು ಕೂಡಿಸಿರುವ ಕರಿ ವೈರನ್ನು ದಿನಾ ಎರಡು ಹೊತ್ತು ನೋಡುತ್ತೇವೆ. ಅದು ಎಲ್ಲಿಂದ ಬಂತು, ಅದರೊಳಗೆ ಏನು ನಡೀತದೆ ಅಂತ ಕೇಳಿದವರು ಕಡಿಮೆ. ನಾವು ಎಸ್‌ಎಸ್‌ಎಲ್‌ಸಿ ಓದಿದ ರೈತರು, ಇಂಜಿನಿಯರ್ ಅಲ್ಲ. ಆದರೂ ನಿರ್ದೇಶಕರಾದ ಮೇಲೆ ತಿಳಿದುಕೊಳ್ಳುವುದು ಕರ್ತವ್ಯವೆಂದು ತಿಳಿದು, ತಿಳಿದಷ್ಟನ್ನು ಇಲ್ಲಿ ಬರೆದಿದ್ದೇವೆ.

ಮೊದಲು ಇದರ ಅಗತ್ಯ ಏನಿತ್ತು ನೋಡೋಣ. ಹಿಂದೆ ಫ್ಯಾಟ್ ನೋಡಲು ಇದ್ದದ್ದು ಗರ್ಬರ್ ಪದ್ಧತಿ. ಸ್ವಿಟ್ಜರ್ಲೆಂಡಿನ ಗರ್ಬರ್ ಎಂಬುವರು 1890ರ ದಶಕದಲ್ಲಿ ಕಂಡುಹಿಡಿದದ್ದು. ಗಾಜಿನ ನಳಿಗೆಯಲ್ಲಿ 10 ಮಿಲಿ ಗಂಧಕಾಮ್ಲ, 10.75 ಮಿಲಿ ಹಾಲು, 1 ಮಿಲಿ ಅಮೈಲ್ ಆಲ್ಕೋಹಾಲ್ ಹಾಕಿ ತಿರುಗಿಸಿದರೆ ಕೊಬ್ಬು ಬೇರೆಯಾಗಿ ಮೇಲೆ ನಿಲ್ಲುತ್ತದೆ. ಪದ್ಧತಿ ಒಳ್ಳೆಯದೇ. ತೊಂದರೆ ಇದ್ದದ್ದು ಆಮೇಲೆ. ಪರೀಕ್ಷಕರು ಓದಿದ ಅಂಕಿ ಒಂದು ಪುಸ್ತಕಕ್ಕೆ, ಅಲ್ಲಿಂದ ರಿಜಿಸ್ಟರಿಗೆ, ಅಲ್ಲಿಂದ ಸದಸ್ಯರ ಪಾಸ್ ಬುಕ್ಕಿಗೆ ಹೋಗಬೇಕು. ಮೂರು ಸಲ ಕೈಬರಹ. ಅವಸರದಲ್ಲಿ 3 ಅನ್ನುವುದು 8 ಆಗಬಹುದು, 4.1 ಅನ್ನುವುದು 3.1 ಆಗಬಹುದು. ಹಾಲಿನ ದರ ಫ್ಯಾಟ್ ಮೇಲೆ ನಿಂತಿರುವುದರಿಂದ ಒಂದು ಅಂಕಿ ತಪ್ಪಿದರೆ ಒಂದು ಮನೆಯ ವಾರದ ಸಂತೆ ಖರ್ಚಿಗೆ ಪೆಟ್ಟು. ತಪ್ಪು ಆಗದಿದ್ದರೂ ಅನುಮಾನ ಮಾತ್ರ ತಪ್ಪದು. "ನಿನ್ನೆ ಇದೇ ಎಮ್ಮಿ, ಇದೇ ಮೇವು, ಇವತ್ತು ಹೆಂಗ ಕಡಿಮಿ ಬಂತು?" ಎಂಬ ಮಾತಿಗೆ ಉತ್ತರ ಕೊಡುವುದು ಯಾವ ಕಾರ್ಯದರ್ಶಿಗೂ ಕಷ್ಟವೇ.

ಅಳೆದ ಯಂತ್ರವೇ ಲೆಕ್ಕ ಬರೆಯುವ ಯಂತ್ರಕ್ಕೆ ನೇರ ಅಂಕಿ ಹೇಳಿದರೆ ಈ ಮೂರು ಕೈಬರಹ ಉಳಿಯುತ್ತವೆ. ಹಾಗೆ ಹೇಳುವ ದಾರಿಗೆ ಸೀರಿಯಲ್ ಪೋರ್ಟ್ ಎನ್ನುತ್ತಾರೆ. ಇದರ ಬೇರು ತಂತಿ ಆಫೀಸಿನಲ್ಲಿ ಐತೆ. ಫ್ರಾನ್ಸ್ ದೇಶದ ಎಮಿಲ್ ಬೋದೋ ಎಂಬ ತಂತಿ ಇಲಾಖೆಯ ನೌಕರರು 1870ರ ದಶಕದಲ್ಲಿ ಪ್ರತಿ ಅಕ್ಷರಕ್ಕೂ ಐದು ಸಂಜ್ಞೆಗಳ ಗುರುತು ಮಾಡಿದರು. ವೇಗ ಹೇಳುವಾಗ ಬಳಸುವ 'ಬಾಡ್' ಎಂಬ ಮಾತು ಅವರ ಹೆಸರಿನಿಂದಲೇ ಬಂದದ್ದು. ಮುಂದೆ 1960ರಲ್ಲಿ ಅಮೆರಿಕದ ಎಲೆಕ್ಟ್ರಾನಿಕ್ಸ್ ಕೈಗಾರಿಕೆಗಳ ಸಂಘವು ಆರ್‌ಎಸ್-232 ಎಂಬ ನಿಯಮ ಹೊರಡಿಸಿತು. ಯಾವ ಕಂಪನಿಯ ಯಂತ್ರವಾದರೂ ಸರಿ, ಈ ನಿಯಮದ ಪ್ರಕಾರ ತಂತಿ ಕೊಟ್ಟರೆ ಇನ್ನೊಂದಕ್ಕೆ ಕೂಡಿಸಬಹುದು ಎಂಬುದು ಇದರ ಉದ್ದೇಶ.

ಸೀರಿಯಲ್ ಅಂದರೆ ಸಾಲಾಗಿ. ಕಾಲುವೆ ಏರಿ ಮೇಲೆ ಭತ್ತದ ಬಂಡಿಗಳು ಅಕ್ಕಪಕ್ಕ ಹೋಗಲಾರವು, ಒಂದರ ಹಿಂದೆ ಒಂದು ಹೋಗಬೇಕು. ಹಂಗೆಯೇ ಒಂದೇ ತಂತಿಯಲ್ಲಿ ಸೊನ್ನೆ ಮತ್ತು ಒಂದು ಎಂಬ ಸಂಜ್ಞೆಗಳು ಒಂದಾದ ಮೇಲೊಂದು ಹೋಗುತ್ತವೆ. 3ರಿಂದ 15 ವೋಲ್ಟ್ ಧನ ಇದ್ದರೆ ಸೊನ್ನೆ, ಅಷ್ಟೇ ಋಣ ಇದ್ದರೆ ಒಂದು. ಸಾಮಾನ್ಯವಾಗಿ ಒಂದು ಅಕ್ಷರಕ್ಕೆ ಎಂಟು ಸಂಜ್ಞೆ, ಮುಂದೆ 'ಶುರು' ಎನ್ನಲು ಒಂದು, ಹಿಂದೆ 'ಮುಗೀತು' ಎನ್ನಲು ಒಂದು, ಒಟ್ಟು ಹತ್ತು. 9600 ವೇಗದಲ್ಲಿ ಸೆಕೆಂಡಿಗೆ 960 ಅಕ್ಷರ. ನಮ್ಮ ಕ್ಯಾನಿನ ತೂಕ '5.250' ಎಂಬುದು ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಿ ಮುಟ್ಟುತ್ತದೆ.

ಆದರೆ ಎರಡೂ ಕಡೆ ಮೊದಲೇ ಒಪ್ಪಂದ ಆಗಿರಬೇಕು. ಎಷ್ಟು ವೇಗ, ಅಕ್ಷರಕ್ಕೆ ಎಷ್ಟು ಸಂಜ್ಞೆ, ಮುಗಿಸುವ ಗುರುತು ಯಾವುದು, ಇದರಲ್ಲಿ ಒಂದು ಹೊಂದದಿದ್ದರೂ ಪರದೆ ಮೇಲೆ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ನಮ್ಮ ಕಡೆಯವರು ಆದೋನಿ ಮಾರ್ಕೆಟ್ಟಿಗೆ ಹತ್ತಿ ಒಯ್ದಾಗ, ವ್ಯಾಪಾರ ಕನ್ನಡದಲ್ಲೋ ತೆಲುಗಿನಲ್ಲೋ ಎಂಬುದು ಮೊದಲು ಗೊತ್ತಾಗಬೇಕಲ್ಲ, ಹಂಗೆ.

ಇನ್ನೊಂದು ಸೂಕ್ಷ್ಮ ಐತೆ. ಆರ್‌ಎಸ್-232 ಮಾಡಿದ್ದು ಯಂತ್ರಕ್ಕೂ, ಟೆಲಿಫೋನ್ ಲೈನಿಗೆ ಮಾತು ದಾಟಿಸುವ ಮೋಡೆಮ್ ಎಂಬ ಪೆಟ್ಟಿಗೆಗೂ ನಡುವೆ. ಅಂದರೆ ನಡುವೆ ಒಬ್ಬ ದಲ್ಲಾಳಿ ಇದ್ದೇ ಇರ್ತಾನೆ ಎಂಬ ಲೆಕ್ಕ. ಎರಡು ಕಂಪ್ಯೂಟರನ್ನೇ ನೇರ ಕೂಡಿಸಿದರೆ ಇಬ್ಬರೂ ಒಂದೇ ತಂತಿಯಲ್ಲಿ ಮಾತಾಡ್ತಾರೆ, ಇಬ್ಬರೂ ಒಂದೇ ತಂತಿಗೆ ಕಿವಿ ಕೊಡ್ತಾರೆ, ಯಾರಿಗೂ ಕೇಳಿಸೋದಿಲ್ಲ. ಅದಕ್ಕೆ ಒಂಬತ್ತು ಪಿನ್ನಿನ ಕೇಬಲ್ಲಿನಲ್ಲಿ ಈ ಕಡೆಯ 3ನೇ ಪಿನ್ನನ್ನು ಆ ಕಡೆಯ 2ಕ್ಕೆ, ಈ ಕಡೆಯ 2ನ್ನು ಆ ಕಡೆಯ 3ಕ್ಕೆ ಅಡ್ಡ ಹಾಕಿ, 5ನ್ನು 5ಕ್ಕೇ ಕೂಡಿಸುತ್ತಾರೆ. ಒಬ್ಬರ ಬಾಯಿ ಇನ್ನೊಬ್ಬರ ಕಿವಿಗೆ ಸೇರಿತು. ಇದಕ್ಕೆ ನಲ್ ಮೋಡೆಮ್ ಕೇಬಲ್ ಎಂದು ಹೆಸರು. ದಲ್ಲಾಳಿ ಇಲ್ಲದ ವ್ಯವಹಾರ, ಸಹಕಾರ ಸಂಘದ ಹಂಗೆಯೇ.

ತಂತಿ ಕೂಡಿದರೂ ಬೇರೆ ಬೇರೆ ಕಂಪ್ಯೂಟರುಗಳ ಭಾಷೆ ಬೇರೆ ಇತ್ತು. 1981ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದವರು ದೊಡ್ಡ ಕಂಪ್ಯೂಟರಿಗೂ ಮೇಜಿನ ಮೇಲಿನ ಸಣ್ಣ ಕಂಪ್ಯೂಟರಿಗೂ ಮಾತು ಕೂಡಿಸಲು ಕೆರ್ಮಿಟ್ ಎಂಬ ಕ್ರಮ ಮಾಡಿದರು. ಇದು ಮಾಹಿತಿಯನ್ನು ಸಣ್ಣ ಕಂತೆಗಳಾಗಿ ಕಟ್ಟಿ, ಪ್ರತಿ ಕಂತೆಯ ಕೊನೆಗೆ ಒಂದು ಮೊತ್ತ ಬರೆದು ಕಳಿಸುತ್ತದೆ. ಪಡೆದವರು ಮೊತ್ತ ಹಾಕಿ ನೋಡಿ, ತಾಳೆಯಾದರೆ 'ಬಂತು' ಎನ್ನುತ್ತಾರೆ, ಆಗದಿದ್ದರೆ ಮತ್ತೆ ಕಳಿಸಿರಿ ಎನ್ನುತ್ತಾರೆ. ನಮ್ಮ ರೋಕಡ ಪುಸ್ತಕದಲ್ಲಿ ಪುಟದ ಕೆಳಗೆ ಮೊತ್ತ ಹಾಕಿ ತಾಳೆ ನೋಡುವುದು ಇದೇ ಅಲ್ಲವೇ?

ಹಾಲಿನ ಮೇಜಿಗೆ ಈ ವಿದ್ಯೆ ಬಂದದ್ದು 1990ರ ದಶಕದಲ್ಲಿ, ಗುಜರಾತಿನ ಆಣಂದ ಕಡೆಯ ಸಂಘಗಳಲ್ಲಿ. ನಮ್ಮ ರಾಜ್ಯದಲ್ಲಿ 1955ರಲ್ಲಿ ಕೊಡಗಿನ ಕೂಡಿಗೆಯಲ್ಲಿ ಡೇರಿ ಶುರುವಾಯಿತು, 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳಿ ಬಂತು. ಆಮೇಲೆ ಒಂದೊಂದೇ ಸಂಘಕ್ಕೆ ಈ ಯಂತ್ರಗಳು ಬಂದವು. ತೂಕದ ಯಂತ್ರದೊಳಗೂ ಫ್ಯಾಟ್ ಯಂತ್ರದೊಳಗೂ ಸಣ್ಣ ಕಂಪ್ಯೂಟರ್ ಇರುತ್ತದೆ, ಮಾಡಿದ ಕಂಪನಿ ಬೇರೆ ಬೇರೆ. ಆರ್‌ಎಸ್-232 ತಂತಿ ಇವನ್ನೆಲ್ಲ ಒಂದೇ ಪಂಕ್ತಿಗೆ ಕೂರಿಸಿತು. ಸದಸ್ಯರ ಕೈಗೆ ಆಗಲೇ ಚೀಟಿ ಬಂತು, ಅದರಲ್ಲಿ ಲೀಟರ್, ಫ್ಯಾಟ್, ದರ, ರೂಪಾಯಿ ಎಲ್ಲಾ ಅಚ್ಚಾಗಿ ಬಂತು.

ಆದರೆ ಸದಸ್ಯರು ಒಂದು ಮಾತು ನೆನಪಿಡಬೇಕು. ತಂತಿ ಹೇಳಿದ್ದನ್ನು ಒಯ್ಯುತ್ತದೆ, ಅಷ್ಟೆ. ತಕ್ಕಡಿಯೇ ತಪ್ಪು ಹೇಳಿದರೆ ತಪ್ಪನ್ನೇ ಬಲು ಅಂದವಾಗಿ ಅಚ್ಚು ಹಾಕುತ್ತದೆ. ಕೈಬರಹದ ಮೇಲೆ ಇದ್ದ ಅನುಮಾನ ಅಚ್ಚಿನ ಮೇಲೆ ಇರುವುದಿಲ್ಲ, ಆದ್ದರಿಂದ ಈ ತಪ್ಪು ಹೆಚ್ಚು ದಿನ ಬದುಕುತ್ತದೆ. ಎಲೆಕ್ಟ್ರಾನಿಕ್ ತೂಕಕ್ಕೆ ವರ್ಷಕ್ಕೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೀಳಲೇಬೇಕು. ಫ್ಯಾಟ್ ಯಂತ್ರವನ್ನು ಹೊತ್ತು ಹೊತ್ತಿಗೆ ತೊಳೆದು, ಆಗಾಗ ಹಳೆಯ ಗರ್ಬರ್ ಪದ್ಧತಿಯಿಂದಲೇ ತಾಳೆ ನೋಡಬೇಕು. ಖಾಲಿ ತಕ್ಕಡಿ ಸೊನ್ನೆ ತೋರಿಸಿತೇ, ಯಂತ್ರ ತೋರಿಸಿದ ಅಂಕಿಯೇ ಚೀಟಿಯಲ್ಲಿ ಬಂತೇ ಎಂದು ನೋಡುವುದು ಸದಸ್ಯರ ಹಕ್ಕು. ಹೆಣ್ಣುಮಕ್ಕಳು ಹೆಚ್ಚಾಗಿ ಹಾಲು ಹಾಕುತ್ತಾರೆ, ಓದು ಬಾರದವರೂ ಇದ್ದಾರೆ. ಅವರು ಕೇಳಿದರೆ ಬೇಸರಪಡದೆ ಓದಿ ಹೇಳುವುದು ನಮ್ಮ ಕರ್ತವ್ಯ.

1996ರಲ್ಲಿ ಯುಎಸ್‌ಬಿ ಬಂದ ಮೇಲೆ ಒಂಬತ್ತು ಪಿನ್ನಿನ ಪೋರ್ಟ್ ಹೊಸ ಕಂಪ್ಯೂಟರುಗಳಿಂದ ಕಡಿಮೆಯಾಗುತ್ತಾ ಬಂತು; ಆದರೂ ನಡುವೆ ಒಂದು ಪರಿವರ್ತಕ ಹಾಕಿ ಅದೇ ಹಳೆಯ ಮಾತನ್ನೇ ಆಡಿಸುತ್ತಾರೆ. 2022ರಲ್ಲಿ ಕೇಂದ್ರ ಸರ್ಕಾರ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸಿ ಒಂದೇ ಜಾಲಕ್ಕೆ ಕೂಡಿಸಲು 2,516 ಕೋಟಿ ರೂಪಾಯಿ ಯೋಜನೆಗೆ ಒಪ್ಪಿಗೆ ಕೊಟ್ಟಿತು. ತಂತಿ ಉದ್ದವಾಗುತ್ತಾ ಹೋಗುತ್ತದೆ. ಆದರೆ ಅದರ ಈ ತುದಿ ನಮ್ಮ ಮೇಜಿನ ಮೇಲೆಯೇ ಐತೆ. ಇಲ್ಲಿ ಹೇಳುವ ಅಂಕಿ ಸತ್ಯವಾಗಿದ್ದರೆ ಮಾತ್ರ ಆ ತುದಿಯಲ್ಲಿ ಲೆಕ್ಕ ಸತ್ಯವಾದೀತು.