ಅಮಲ್ದಾರ ಎಂಬ ಮಾತು

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ತಾಲ್ಲೂಕು ಕಚೇರಿಗಳ ಬೋರ್ಡಿನ ಮೇಲೆ ಈಗ ‘ತಹಸೀಲ್ದಾರ್’ ಎಂದಿದೆ. ಈ ಸೀಮೆಯ ಹಿರಿಯರ ಬಾಯಲ್ಲಿ ಮಾತ್ರ ‘ಅಮಲ್ದಾರ್ರು’ ಇನ್ನೂ ಪೂರ್ತಿ ಅಳಿದಿಲ್ಲ. ಜಮೀನಿನ ತಕರಾರು ಎದ್ದರೆ ಸಾಕು, ‘ನಮ್ಮಜ್ಜನ ಕಾಲ್ದಲ್ಲಿ ಅಮಲ್ದಾರ್ರು ಬರ್ಕೊಟ್ಟಿದ್ ಕಾಗ್ದ ಐತೆ’ ಎನ್ನುತ್ತಾರೆ. ಹಾಗೆನ್ನುವಾಗ ಅವರ ದನಿ ಗಟ್ಟಿಯಾಗುತ್ತದೆ. ಆ ಗಟ್ಟಿತನ ಎಲ್ಲಿಂದ ಬಂತೆಂದು ಹುಡುಕುವುದು ನನಗೆ ಮುಖ್ಯವೆನಿಸುತ್ತದೆ.

‘ಅಮಲ್’ ಅರಬ್ಬಿ ಮೂಲದ ಪದ. ಕೆಲಸ, ಕಾರ್ಯ ಎಂದು ಅರ್ಥ. ‘ದಾರ’ ಪಾರಸಿಯದು, ಹೊಂದಿರುವವನು. ಕೆಲಸ ಹೊತ್ತವನು ಅಮಲ್ದಾರ. ಸಂಸ್ಕೃತದ ‘ಅಮಲ’ಕ್ಕೂ ಇದಕ್ಕೂ ನಂಟಿಲ್ಲ, ಹೆಂಡದ ಅಮಲಿಗೆ ಉಂಟು. ಕೆಲಸದಿಂದ ಪರಿಣಾಮಕ್ಕೆ, ಪರಿಣಾಮದಿಂದ ತಲೆಗೇರುವ ಮತ್ತಿಗೆ ಪದ ನಡೆದುಬಂದಿದೆ. ಕಾನೂನು ಅಮಲಿಗೆ ಬರುತ್ತದೆ, ಕೋರ್ಟಿನ ಡಿಕ್ರಿ ಕೈಗೆ ಸಿಗಬೇಕಾದರೆ ಅಮಲ್ಜಾರಿ ಅರ್ಜಿ ಹಾಕಬೇಕು. ಎಲ್ಲ ಕಡೆಯೂ ಒಳಗಿರುವುದು ಒಂದೇ: ಹೇಳಿದ್ದನ್ನು ಮಾಡಿ ಮುಗಿಸುವುದು.

ಏನನ್ನು ಮಾಡಿ ಮುಗಿಸಬೇಕು ಎಂಬುದನ್ನು ಮಾತ್ರ ಆಳುವವರು ತೀರ್ಮಾನಿಸುತ್ತಿದ್ದರು. 1831ಕ್ಕೆ ಮುಂಚೆ ಮೈಸೂರು ಸೀಮೆಯಲ್ಲಿ ಶರ್ತಿನ ಪದ್ಧತಿ ಇತ್ತು. ಇಷ್ಟು ಕಂದಾಯ ಎತ್ತಿಕೊಡುತ್ತೇನೆಂದು ಅಮಲ್ದಾರ ಸರ್ಕಾರಕ್ಕೆ ಬರೆದುಕೊಡಬೇಕು. ಹೆಚ್ಚು ಬಂದರೆ ಅದು ಖಜಾನೆಗೆ, ಕಡಿಮೆ ಬಿದ್ದರೆ ಅವನೇ ತುಂಬಿಕೊಡಬೇಕು. ಕೈಯಿಂದ ತುಂಬಬೇಕಾದವನು ಮಳೆ ಬಂತೋ ಇಲ್ಲವೋ ಎಂದು ನೋಡುತ್ತಾ ಕೂರುತ್ತಾನೆಯೇ? ರೈತನ ಮನೆ ಬಾಗಿಲಿಗೆ ಹೋಗುತ್ತಾನೆ. 1830ರಲ್ಲಿ ಮಲೆನಾಡಿನ ನಗರ ಸೀಮೆಯ ರೈತರು ದಂಗೆ ಏಳುವುದಕ್ಕೆ ಇಂಥ ವಸೂಲಿಯೂ ಒಂದು ಕಾರಣ.

ಆ ದಂಗೆಯನ್ನು ಮುಂದಿಟ್ಟುಕೊಂಡು ಗವರ್ನರ್ ಜನರಲ್ ಬೆಂಟಿಂಕ್ 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡ. ಅರಸರು ಮೈಸೂರಿನ ಅರಮನೆಯಲ್ಲಿ ಉಳಿದರು, ರಾಜ್ಯ ಬೆಂಗಳೂರಿನ ಕಚೇರಿಗೆ ಹೋಯಿತು. ಮದ್ರಾಸಿನಲ್ಲಿದ್ದಂತೆ ಇಲ್ಲಿ ಗವರ್ನರ್ ಇರಲಿಲ್ಲ, ಇದ್ದವನು ಕಮಿಷನರ್. ಆದರೆ ಮದ್ರಾಸಿನ ಗವರ್ನರನ ಪಕ್ಕದಲ್ಲಿ ಒಂದು ಕೌನ್ಸಿಲ್ ಕೂರುತ್ತಿತ್ತು. 1834ರಿಂದ 1861ರವರೆಗೆ ಇಲ್ಲಿ ಒಬ್ಬನೇ ಕಮಿಷನರಾಗಿದ್ದ ಮಾರ್ಕ್ ಕಬ್ಬನ್‌ಗೆ ಅಂಥ ಕೌನ್ಸಿಲ್ಲೂ ಇರಲಿಲ್ಲ. ಕಂದಾಯ, ಪೊಲೀಸು, ರಸ್ತೆ, ಮುಜರಾಯಿ, ಕೊನೆಯ ಮೇಲ್ಮನವಿ, ಎಲ್ಲವೂ ಅವನ ಮೇಜಿಗೆ. ಅವನು ಉತ್ತರ ಹೇಳಬೇಕಾಗಿದ್ದದ್ದು ದೂರದ ಕಲ್ಕತ್ತೆಗೆ.

ಇಷ್ಟು ಅಧಿಕಾರವಿದ್ದರೂ ಕಬ್ಬನ್ ಹಳೆಯ ಹೆಸರುಗಳನ್ನು ಕೀಳಲಿಲ್ಲ. ಡಿವಿಜನ್ನುಗಳ ಮೇಲೆ ಬಿಳಿಯ ಸೂಪರಿಂಟೆಂಡೆಂಟರನ್ನು ಕೂರಿಸಿ, ಕೆಳಗೆ ಅಮಲ್ದಾರ, ಶೇಕ್ದಾರ, ಶಾನುಭೋಗ, ಪಟೇಲರನ್ನು ಇದ್ದಂತೆಯೇ ಉಳಿಸಿಕೊಂಡ. ಹಾಗಾಗಿ ಚನ್ನರಾಯಪಟ್ಟಣದ ಕಡೆಯ ಒಬ್ಬ ರೈತನಿಗೆ ಕಂಪನಿ ಸರ್ಕಾರವೆಂದರೆ ಅಮಲ್ದಾರರೇ. ಕಂತು ಕಟ್ಟಿಸಿಕೊಳ್ಳುವವರು ಅವರು, ಕಳ್ಳನನ್ನು ಹಿಡಿಸುವವರು ಅವರು, ಸಣ್ಣ ಮೊತ್ತದ ವ್ಯಾಜ್ಯ ತೀರಿಸುವವರೂ ಅವರೇ. ಬೆಳೆಯ ಪಾಲನ್ನೇ ಕಂದಾಯವಾಗಿ ಕೊಡುವ ಬಟಾಯಿ ಪದ್ಧತಿಯಿದ್ದ ಗದ್ದೆಯಲ್ಲಿ ಸರ್ಕಾರದ ಪಾಲು ಅಳೆಯುವ ತನಕ ಕಣದ ರಾಶಿಯನ್ನು ಬೆಳೆದವನೇ ಮುಟ್ಟುವಂತಿರಲಿಲ್ಲ. ಅಳೆಯುವವರು ತಡಮಾಡಿದರೆ ಕಾಳು ಮಳೆಗೆ ನೆನೆಯುತ್ತಿತ್ತು, ಹುಳುವಿಗೆ ಹೋಗುತ್ತಿತ್ತು. ಬಟಾಯಿ ಹಣದ ಕಂದಾಯಕ್ಕೆ ತಿರುಗಿದ್ದು, ನೂರಾರು ಬಗೆಯ ಚಿಲ್ಲರೆ ತೆರಿಗೆ, ಹಾದಿಸುಂಕಗಳು ರದ್ದಾದದ್ದು ಕಮಿಷನ್ ಕಾಲದ ನಿಜವಾದ ಉಪಕಾರ. ಅದನ್ನು ಒಪ್ಪುತ್ತೇನೆ. ಆದರೆ ಆ ಅರ್ಧ ಶತಮಾನದಲ್ಲಿ ಅಮಲ್ದಾರರು ಲೆಕ್ಕ ಒಪ್ಪಿಸಿದ್ದು ಮೇಲಕ್ಕೆ ಮಾತ್ರ, ಕೆಳಗಿನವರಿಗೆ ಕೇಳುವ ಜಾಗವೇ ಇರಲಿಲ್ಲ. 1876-78ರ ಬರಗಾಲದಲ್ಲಿ ಮೈಸೂರು ಸಂಸ್ಥಾನದಲ್ಲಿ ಲಕ್ಷಗಟ್ಟಲೆ ಜನ ಸತ್ತರು. ಕಮಿಷನ್ ಆಡಳಿತವನ್ನು ಹೊಗಳುವವರು ಆ ವರ್ಷಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕಬ್ಬನ್ ನಂತರ ಬಂದ ಬೌರಿಂಗ್ ರಾಜ್ಯವನ್ನು ಮೂರು ಡಿವಿಜನ್, ಎಂಟು ಜಿಲ್ಲೆ ಮಾಡಿದ. ಅಷ್ಟಗ್ರಾಮ ಡಿವಿಜನ್ನಿಗೆ ಮೈಸೂರು, ಹಾಸನ ಎರಡು ಜಿಲ್ಲೆ. 1881ರಲ್ಲಿ ಒಡೆಯರಿಗೆ ರಾಜ್ಯ ಮರಳಿತು. ಅದೇ ವರ್ಷ ದಿವಾನ್ ರಂಗಾಚಾರ್ಲು ಕರೆದ ಪ್ರಜಾಪ್ರತಿನಿಧಿ ಸಭೆಗೆ ರೈತರು, ವರ್ತಕರು ಸೇರಿ 144 ಮಂದಿ ಹೋದರು. ಊರಿನ ದೂರನ್ನು ದಿವಾನರ ಎದುರು ನಿಂತು ಹೇಳುವ ರೂಢಿ ಅಲ್ಲಿಂದ ಬೆಳೆಯಿತು. ಅರಸರು ಹೋಗಿ ಕಮಿಷನರ್ ಬಂದಾಗಲೂ, ಕಮಿಷನರ್ ಹೋಗಿ ಅರಸರು ಬಂದಾಗಲೂ ತಾಲ್ಲೂಕಿನಲ್ಲಿ ಅಮಲ್ದಾರ ಎಂಬ ಹೆಸರು ಕದಲಲಿಲ್ಲ.

ಗಡಿ ದಾಟಿದರೆ ಬೇರೆ ಮಾತು. ಅರಕಲಗೂಡಿನ ಆಚೆ ಕೊಡಗಿನಲ್ಲಿ ಇದೇ ಹುದ್ದೆಗೆ ಸುಬೇದಾರ. 1834ರಲ್ಲಿ ಕೊಡಗು ಕಂಪನಿಯ ವಶವಾದ ಮೇಲೆ ಅದನ್ನೂ ಮೈಸೂರಿನ ಕಮಿಷನರೇ ನೋಡಿಕೊಂಡರೂ ಅಲ್ಲಿಯ ಹೆಸರು ಅಲ್ಲೇ ಉಳಿಯಿತು. ಮದ್ರಾಸ್ ಪ್ರಾಂತ್ಯದ ಬಳ್ಳಾರಿ, ಮಂಗಳೂರಿನಲ್ಲಿ ತಹಸೀಲ್ದಾರ. ಧಾರವಾಡದ ಕಡೆ ಮಾಮಲೇದಾರ, ಅದು ಕೂಡ ‘ಅಮಲ್’ ಬೇರಿನಿಂದಲೇ ಒಡೆದ ಚಿಗುರು. 1956ರಲ್ಲಿ ಕನ್ನಡನಾಡು ಒಂದಾದಾಗ ಈ ಹೆಸರುಗಳೆಲ್ಲ ಒಂದೇ ಸರ್ಕಾರದ ಕೆಳಗೆ ಬಂದವು. 1964ರ ಭೂಕಂದಾಯ ಕಾಯ್ದೆ ತಹಸೀಲ್ದಾರನನ್ನು ಉಳಿಸಿಕೊಂಡಿತು. ಎಲ್ಲ ಜಿಲ್ಲೆಗೂ ಒಂದೇ ಹೆಸರು ಬೇಕಿತ್ತು, ತಪ್ಪಿಲ್ಲ. ಆದರೂ ‘ತಹಸೀಲು’ ಎಂದರೆ ವಸೂಲಿ, ‘ಅಮಲು’ ಎಂದರೆ ಕೆಲಸ. ನನ್ನನ್ನು ಕೇಳಿದ್ದರೆ ಕೆಲಸದ ಹೆಸರನ್ನೇ ಉಳಿಸಿಕೊಳ್ಳಿ ಎನ್ನುತ್ತಿದ್ದೆ.

ಹಿರಿಯರ ದನಿ ಗಟ್ಟಿಯಾಗುವುದು ಆ ಕಾಗದದ ಬಲದಿಂದ. ಅಮಲ್ದಾರರ ರುಜು, ಮೊಹರು ಬಿದ್ದ ಹಾಳೆ ಎಷ್ಟೋ ಮನೆತನಗಳಿಗೆ ತಮ್ಮ ಹೊಲದ ಮೇಲಿದ್ದ ಏಕೈಕ ಆಧಾರ. ಅವುಗಳಲ್ಲಿ ಹಲವು ಮೋಡಿ ಎಂಬ ಹಳೆಯ ಕೂಡುಬರಹದಲ್ಲಿವೆ, ಅದನ್ನು ಸರಾಗವಾಗಿ ಓದುವವರು ವಿರಳವಾಗುತ್ತಿದ್ದಾರೆ. ನಿಮ್ಮ ಮನೆಯ ಟ್ರಂಕಿನಲ್ಲಿ ಅಂಥ ಕಾಗದವಿದ್ದರೆ ಹಳೇ ಪೇಪರಿನ ಜೊತೆ ಹಾಕಬೇಡಿ. ಓದಬಲ್ಲವರು ಇರುವಾಗಲೇ ಓದಿಸಿ, ಒಂದು ಪ್ರತಿ ಬರೆದಿಡಿ, ಮಕ್ಕಳಿಗೂ ತೋರಿಸಿ.